ಮಿರಜದ ಗಾಂಧಾರ, ಲೈಪ್‌ಝಿಗ್ಗಿನ ಮೇಳ



ಸಂಗೀತದ ಮೇಲೆ ಮಾತಾಡಿರಿ ಎಂದು ಕರೆದಾಗ ನಿಮ್ಮ ಮನಸ್ಸಿನಲ್ಲಿ ಮನ್ಸೂರರೋ ಗಂಗೂಬಾಯಿಯವರೋ ಇದ್ದಿರಬೇಕು. ನಾನು ಬರೆದು ಕಳಿಸಿದ ವಿಷಯ ನೋಡಿ ಆಮಂತ್ರಣ ಪತ್ರಿಕೆ ಅಚ್ಚು ಹಾಕುವವರೇ ಫೋನು ಮಾಡಿ, ‘ಸರ್, ಇದು ಖರೇನ?’ ಎಂದು ಕೇಳಿದರು. ಖರೇ. ಯುರೋಪಿನಲ್ಲಿ ಸುಮಾರು 1600ರಿಂದ 1750ರವರೆಗಿನ ಕಾಲವನ್ನು ಬರೋಕ್ ಎನ್ನುತ್ತಾರೆ. ಆ ಕಾಲದ ಮೇಳಗಾಯನವನ್ನು ದೂಧಗಂಗೆಯ ದಂಡೆಯ ಈ ಸದಲಗಾದಲ್ಲಿ ಕೂತು, ರೇಡಿಯೋದ ನೇರ ಪ್ರಸಾರದಲ್ಲಿ ಕೇಳುವುದರ ಬಗ್ಗೆ ಇವತ್ತಿನ ಮಾತು. ಕಬ್ಬಿನ ಹಂಗಾಮಿನಲ್ಲಿ ಇಂಥ ವಿಷಯಕ್ಕೆ ಇಷ್ಟು ಜನ ಬಂದದ್ದು ಈ ಉಪನ್ಯಾಸಕ್ಕೆ ದತ್ತಿ ಇಟ್ಟವರ ಪುಣ್ಯ.

ನನ್ನ ವಾದ ಸಣ್ಣದು. ಆ ಸಂಗೀತಕ್ಕೆ ಬೇಕಾದ ಕಿವಿ ಈ ಭಾಗದಲ್ಲಿ ಎಂದೋ ತಯಾರಾಗಿದೆ. ಮಿರಜದ ತಂಬೂರಿ, ಊರ ಭಜನಿ ಮಂಡಳಿ, ಎರಡು ದಿಕ್ಕಿನ ಎರಡು ರೇಡಿಯೋ ಕೇಂದ್ರ ಸೇರಿ ಅದನ್ನು ತಯಾರು ಮಾಡಿವೆ. ಆದರೆ ಆ ಕಿವಿ ಪೂರ್ತಿ ಎಚ್ಚರಾಗುವುದು ಹಾಡು ಅಲ್ಲಿ ನಡೆಯುತ್ತಿರುವಾಗಲೇ ಇಲ್ಲಿ ಕೇಳಿದಾಗ ಮಾತ್ರ.

ರೇಡಿಯೋದಿಂದ ಸುರು ಮಾಡೋಣ. ಧಾರವಾಡ ಕೇಂದ್ರ 1950ರಲ್ಲಿ ಆರಂಭವಾಯಿತು, ಸಾಂಗಲಿ 1963ರಲ್ಲಿ. ಧಾರವಾಡ 765 ಕಿಲೋಹರ್ಟ್ಸ್, ಸಾಂಗಲಿ 1251. ನಕಾಶೆ ತೆರೆದು ನೋಡಿರಿ: ಸದಲಗಾದಿಂದ ಸಾಂಗಲಿ ಉತ್ತರಕ್ಕೆ, ಧಾರವಾಡ ದಕ್ಷಿಣಕ್ಕೆ, ಸ್ವಲ್ಪ ಪೂರ್ವಕ್ಕೆ ವಾಲಿ. ಟ್ರಾನ್ಸಿಸ್ಟರಿನ ಹೊಟ್ಟೆಯಲ್ಲಿ ತಾಮ್ರದ ತಂತಿ ಸುತ್ತಿದ ಒಂದು ಕಪ್ಪು ಫೆರೈಟ್ ಕೋಲು ಇರುತ್ತದೆ. ಮಧ್ಯಮ ತರಂಗವನ್ನು ಹಿಡಿಯುವ ಆಂಟೆನಾ ಅದೇ. ಕೋಲಿನ ತುದಿ ಕೇಂದ್ರದ ಕಡೆ ತಿರುಗಿದರೆ ಸದ್ದು ಸೊರಗುತ್ತದೆ, ಮಗ್ಗುಲು ತಿರುಗಿದರೆ ತುಂಬಿ ಬರುತ್ತದೆ. ಹೀಗಾಗಿ ಈ ಊರಿನಲ್ಲಿ ಪೆಟ್ಟಿಗೆಯನ್ನು ಪೂರ್ವ-ಪಶ್ಚಿಮವಾಗಿ ಉದ್ದಕ್ಕೆ ಇಟ್ಟರೆ ಕನ್ನಡವೂ ಬರುತ್ತಿತ್ತು, ಮರಾಠಿಯೂ ಬರುತ್ತಿತ್ತು. ಮುಳ್ಳು ತಿರುಗಿಸಿದರೆ ಸಾಕು, ಪೆಟ್ಟಿಗೆ ತಿರುಗಿಸಬೇಕಿರಲಿಲ್ಲ. ಕರ್ನಾಟಕ-ಮಹಾರಾಷ್ಟ್ರಗಳ ಗಡಿ ಯಾವ ಕಡೆ ಎಂದು ಊರಲ್ಲಿ ಸಭೆಗಳು ನಡೆಯುತ್ತಿದ್ದ ವರ್ಷಗಳಲ್ಲೂ ಮಾಡದ ಮೇಲಿನ ಪೆಟ್ಟಿಗೆ ಮಾತ್ರ ಎರಡೂ ಕಡೆ ಕಿವಿ ಕೊಟ್ಟು ಕೂತಿತ್ತು.

ಹೊತ್ತು ಮುಳುಗಿದ ಮೇಲೆ ಇನ್ನೊಂದು ಆಟ ಸುರುವಾಗುತ್ತಿತ್ತು. ಹಗಲಿನಲ್ಲಿ ಆಕಾಶದ ಕೆಳಪದರವೊಂದು ಮಧ್ಯಮ ತರಂಗವನ್ನು ನುಂಗಿಬಿಡುತ್ತದೆ. ಬಿಸಿಲು ಹೋದ ಮೇಲೆ ಆ ಪದರ ಕರಗಿ, ತರಂಗ ಮೇಲಿನ ಪದರಕ್ಕೆ ಬಡಿದು ದೂರ ಹೋಗಿ ಬೀಳುತ್ತದೆ. ಆಗ ಹೆಸರು ಗೊತ್ತಿಲ್ಲದ ಊರುಗಳು, ಗೊತ್ತಿಲ್ಲದ ಭಾಷೆಗಳು ಬರುತ್ತಿದ್ದವು. ಅರ್ಥವಾಗದ ಹಾಡನ್ನು ಪೂರ್ತಿ ಕೇಳುವ ಚಟ ಈ ಭಾಗದ ಎಷ್ಟೋ ಜನರಿಗೆ ಹತ್ತಿದ್ದು ಹೀಗೆ. ನನಗೂ ಹಾಗೇ ಹತ್ತಿತು.

ಇನ್ನು ‘ನೇರ’ ಎಂಬುದರ ವಿಷಯ. ಆಕಾಶವಾಣಿಯ ಆರಂಭದ ದಿನಗಳಲ್ಲಿ ಕಲಾವಿದರ ಗಾಯನ ಬಹುಮಟ್ಟಿಗೆ ನೇರವಾಗಿಯೇ ಬರುತ್ತಿತ್ತು. ಬೆಳಿಗ್ಗೆ ಒಂದು ಬೈಠಕ್ಕು, ಅದೇ ಕಲಾವಿದರದು ಸಂಜೆ ಇನ್ನೊಂದು. ನಡುವೆ ಅವರು ಧಾರವಾಡದಲ್ಲೇ ಊಟ ಮಾಡಿ ಅಡ್ಡಾಗುತ್ತಿದ್ದರು. ಸ್ಟುಡಿಯೋದ ಕೆಂಪು ದೀಪ ಹತ್ತಿತೆಂದರೆ ಕೆಮ್ಮು ಬಂದರೂ ಅದು ಪ್ರಸಾರವೇ. ಎದುರಿಗೆ ಗಡಿಯಾರ. ಮಹಫಿಲ್ಲಿನಲ್ಲಿ ಎರಡು ತಾಸು ಹಾಡುವವರು ಇಲ್ಲಿ ಅರ್ಧ ತಾಸಿನಲ್ಲಿ ವಿಲಂಬಿತ ಮುಗಿಸಿ ದ್ರುತ್ ಹಿಡಿದು, ಸೆಕೆಂಡಿನ ಮುಳ್ಳು ನೋಡಿಕೊಂಡು ಸಮ್‌ಗೆ ಬಂದು ನಿಲ್ಲಬೇಕು. ಆ ಅವಸರವೂ ಕೇಳುಗನಿಗೆ ಗೊತ್ತಾಗುತ್ತಿತ್ತು.

ಒಂದು ಲೆಕ್ಕ ಹೇಳುತ್ತೇನೆ, ಮಕ್ಕಳು ಮನೆಗೆ ಹೋಗಿ ತಾಳೆ ನೋಡಲಿ. ಧಾರವಾಡದಿಂದ ಸದಲಗಾಕ್ಕೆ ನೇರ ಗೆರೆಯಲ್ಲಿ ಸುಮಾರು 130 ಕಿಲೋಮೀಟರು. ರೇಡಿಯೋ ತರಂಗಕ್ಕೆ ಅಷ್ಟು ದಾರಿಗೆ ಒಂದು ಸೆಕೆಂಡಿನ ಎರಡು ಸಾವಿರದ ಒಂದಂಶವೂ ಬೇಡ. ಅಷ್ಟರಲ್ಲಿ ಗಾಳಿಯ ಮೇಲೆ ಹೋಗುವ ಧ್ವನಿ ಒಂದು ಗೇಣು ಸಹ ಸಾಗಿರುವುದಿಲ್ಲ. ಅಂದರೆ ಮೈಕಿನ ಮುಂದೆ ಹಾಡಿದ ಸ್ವರವನ್ನು, ಮೂರು ಮೊಳ ಆಚೆ ಕೂತ ತಬಲಾದವರಿಗಿಂತ ಮೊದಲು, ಪೆಟ್ಟಿಗೆಗೆ ಕಿವಿ ಹಚ್ಚಿ ಕೂತ ಸದಲಗಾದವನು ಕೇಳುತ್ತಿದ್ದ. ಇಂದಿನ ಮೊಬೈಲಿನ ‘ಲೈವ್’ ಹಾಗಲ್ಲ. ಇಂಟರ್ನೆಟ್ಟಿನಲ್ಲಿ ಹಾಡು ತುಂಡು ತುಂಡಾಗಿ ಬಂದು, ಜಮೆಯಾಗಿ, ಕೆಲವೊಮ್ಮೆ ಅರ್ಧ ನಿಮಿಷ ತಡವಾಗಿ ಕೇಳುತ್ತದೆ. ಕ್ರಿಕೆಟ್ ನೋಡುವವರಿಗೆ ಇದು ಚೆನ್ನಾಗಿ ಗೊತ್ತು: ಪಕ್ಕದ ಮನೆಯವರು ಮೊದಲೇ ಕೂಗುತ್ತಾರೆ. ಆದರೂ ನಾನು ಅದನ್ನು ನೇರ ಎಂದೇ ಎಣಿಸುತ್ತೇನೆ. ಮುಂದೆ ಏನಾಗುತ್ತದೆಂದು ಹಾಡುವವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅದು ಇದ್ದರೆ ಸಾಕು.

ಇದಕ್ಕೆ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಒಂದು ಒಳ್ಳೆಯ ಉದಾಹರಣೆ ಇದೆ. ಅಲ್ಲಿನ ಕಿಂಗ್ಸ್ ಕಾಲೇಜಿನ ಚರ್ಚಿನಲ್ಲಿ ಡಿಸೆಂಬರ್ 24ರಂದು ನಡೆಯುವ ಗಾಯನಸೇವೆಯನ್ನು ಬಿಬಿಸಿ 1928ರಿಂದ, ನಡುವೆ 1930 ಒಂದನ್ನು ಬಿಟ್ಟು, ಪ್ರತಿವರ್ಷ ಪ್ರಸಾರ ಮಾಡುತ್ತ ಬಂದಿದೆ. ಅಲ್ಲಿ ಮಧ್ಯಾಹ್ನ ಮೂರು ಗಂಟೆ, ನಮಗೆ ರಾತ್ರಿ ಎಂಟೂವರೆ. ಮೊದಲ ನುಡಿಯನ್ನು ಒಬ್ಬ ಹುಡುಗ, ಯಾವ ವಾದ್ಯವೂ ಇಲ್ಲದೆ, ಒಬ್ಬನೇ ಹಾಡಬೇಕು. ಯಾವ ಹುಡುಗ ಎಂಬುದು ಮೊದಲೇ ಗೊತ್ತಿರುವುದಿಲ್ಲ. ತಯಾರಾದ ಹುಡುಗರಲ್ಲಿ ಒಬ್ಬನಿಗೆ ನಿರ್ದೇಶಕರು ಕಡೇ ಗಳಿಗೆಯಲ್ಲಿ ಸನ್ನೆ ಮಾಡುತ್ತಾರೆ. ಮೊದಲೇ ಗೊತ್ತಾದರೆ ರಾತ್ರಿಯೆಲ್ಲ ನಿದ್ದೆ ಬರುವುದಿಲ್ಲ, ಅದಕ್ಕೆ. ಎರಡನೆಯ ಮಹಾಯುದ್ಧದಲ್ಲಿ ಚರ್ಚಿನ ಬಣ್ಣದ ಗಾಜುಗಳನ್ನು ತೆಗೆದಿಟ್ಟಾಗಲೂ ಪ್ರಸಾರ ನಿಲ್ಲಲಿಲ್ಲ, ಶತ್ರುವಿಗೆ ಸುಳಿವು ಸಿಗಬಾರದೆಂದು ಜಾಗದ ಹೆಸರನ್ನಷ್ಟೇ ಹೇಳಲಿಲ್ಲ. 2020ರಲ್ಲಿ ಕೊರೋನಾ ಕಾರಣಕ್ಕೆ ಮೊದಲೇ ಮುದ್ರಿಸಿಟ್ಟುಕೊಂಡು ಹಾಕಿದರು. ಹಾಡು ಎಂದಿನಂತೆ ಚೊಕ್ಕ ಇತ್ತು. ಆದರೆ ಆ ಹುಡುಗ ಬಾಯಿ ತೆರೆಯುವ ಮುಂಚೆ ಪ್ರತಿವರ್ಷ ನನ್ನ ಗಂಟಲು ಒಣಗುತ್ತದಲ್ಲ, ಆ ವರ್ಷ ಒಣಗಲಿಲ್ಲ.

ಈ ಸೇವೆಯ ಹಾಡುಗಳು ಎಲ್ಲ ಕಾಲದವು, ಬರೋಕ್ ಮಾತ್ರವಲ್ಲ. ನಾನು ಹೇಳಬೇಕೆಂದಿರುವ ಬರೋಕ್ ಕಾಲದ ಸಂಗೀತಗಾರ ಬಾಖ್ ಅಲ್ಲಿ ಸಾಮಾನ್ಯವಾಗಿ ಕೊನೆಯಲ್ಲಿ, ಜನ ಏಳುವ ಹೊತ್ತಿಗೆ ಆರ್ಗನ್ನಿನಲ್ಲಿ ಬರುತ್ತಾನೆ. ಅವನ ದೊಡ್ಡ ಮೇಳಕೃತಿಗಳನ್ನು ಕೇಳಬೇಕಾದರೆ ಲಂಡನ್ನಿನ ಪ್ರಾಮ್ಸ್ ಹಬ್ಬದಂಥ ಕಛೇರಿಗಳ ಪ್ರಸಾರಕ್ಕೆ ಕಾಯಬೇಕು. ಅಲ್ಲಿ ಸಂಜೆಯಾದಾಗ ಇಲ್ಲಿ ನಡುರಾತ್ರಿ. ಕಬ್ಬಿಗೆ ನೀರು ಹಾಯಿಸಲು ರಾತ್ರಿ ಕರೆಂಟು ಕಾಯುವ ಊರಿಗೆ ಅದೇನೂ ದೊಡ್ಡ ಕಷ್ಟವಲ್ಲ.

ಈಗ ಸ್ವಲ್ಪ ನಮ್ಮ ಸೀಮೆ ಸುತ್ತಿ ಬರೋಣ, ಯಾಕೆಂದರೆ ನಮ್ಮ ಕಿವಿಯ ಕತೆ ಅಲ್ಲಿದೆ. ಇಲ್ಲಿಂದ 15 ಕಿಲೋಮೀಟರಿನ ಆಸುಪಾಸಿನಲ್ಲಿ ಇಚಲಕರಂಜಿ, ಗ್ವಾಲಿಯರ್ ಗಾಯಕಿಯನ್ನು ಈ ಕಡೆ ತಂದ ಬಾಲಕೃಷ್ಣಬುವಾ ಆ ಊರ ಹೆಸರಿನಿಂದಲೇ ಪ್ರಸಿದ್ಧರು. ಅಷ್ಟೇ ದೂರದಲ್ಲಿ ಕುರುಂದವಾಡ, ಅವರ ಶಿಷ್ಯ ವಿಷ್ಣು ದಿಗಂಬರ ಪಲುಸ್ಕರರು 1872ರಲ್ಲಿ ಹುಟ್ಟಿದ್ದು ಅಲ್ಲಿ. ಲಾಹೋರಿನಲ್ಲಿ 1901ರಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆಗೆದವರು, ಜನಸಮೂಹದ ಬಾಯಲ್ಲಿ ರಾಮಧುನ್ ಕೂರಿಸಿದವರು ಅವರೇ. ಇನ್ನೊಂದಿಷ್ಟು ಮುಂದೆ ಹೋದರೆ ಮಿರಜ. ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು ಹತ್ತೊಂಬತ್ತನೆಯ ಶತಮಾನದಲ್ಲಿ ಕತ್ತಿ ಬಿಟ್ಟು, ತಂಬೂರಿ, ಸಿತಾರು ಮಾಡಲು ಕುಂಬಳದ ಬುರುಡೆ ಹಿಡಿದರು. ಆ ತಂಬೂರಿಗೆ, ಸಿತಾರಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂತು. ಅಬ್ದುಲ್ ಕರೀಂಖಾನರು ಬಂದು ನೆಲೆ ನಿಂತದ್ದೂ ಮಿರಜದಲ್ಲಿ, ಅವರಿಂದ ಕಲಿತು ಬಂದ ಸವಾಯಿ ಗಂಧರ್ವರು ನಮ್ಮ ಕುಂದಗೋಳದವರು.

ತಂಬೂರಿಯಲ್ಲಿ ಮಿಡಿಯುವುದು ಪಂಚಮ, ಷಡ್ಜ, ಷಡ್ಜ, ಕೆಳಗಿನ ಖರ್ಜ. ಗಾಂಧಾರದ ತಂತಿ ಅದರಲ್ಲಿ ಇಲ್ಲವೇ ಇಲ್ಲ. ಆದರೆ ಜವಾರಿ ಸರಿಯಾಗಿ ಕೂತು, ಶ್ರುತಿ ಸರಿಯಾಗಿ ಕೂಡಿದರೆ, ಖರ್ಜದ ತಂತಿಯೊಳಗಿಂದ ಗಾಂಧಾರ ತಾನಾಗಿ ಏಳುತ್ತದೆ. ಮಿರಜದ ಅಂಗಡಿಯಲ್ಲಿ ಮುದುಕರೊಬ್ಬರು ತಂತಿಯ ಕೆಳಗೆ ರೇಷ್ಮೆ ಎಳೆಯನ್ನು ಕೂದಲೆಳೆಯಷ್ಟು ಸರಿಸುತ್ತ, ಕಣ್ಣು ಮುಚ್ಚಿ, ಅದು ಬರುವವರೆಗೆ ಕಾಯುವುದನ್ನು ನೋಡಿದ್ದೇನೆ. ಬಂತೆಂದರೆ ತಲೆ ಅಲ್ಲಾಡಿಸುವುದಿಲ್ಲ, ಸುಮ್ಮನೆ ಮುಂದಿನ ತಂತಿಗೆ ಹೋಗುತ್ತಾರೆ. ಸ್ಥಾಯಿಯನ್ನು 1200 ಭಾಗ ಮಾಡಿದರೆ ಈ ತಾನಾಗಿ ಹುಟ್ಟುವ ಗಾಂಧಾರ 386ರಲ್ಲಿ ಬರುತ್ತದೆ. ನಮ್ಮ ಪೇಟಿಯ, ಅಂದರೆ ಹಾರ್ಮೋನಿಯಮ್ಮಿನ ಗಾಂಧಾರ 400ರಲ್ಲಿ. ಹದಿನಾಲ್ಕು ಭಾಗ ಚಡ, ಅಂದರೆ ಮೇಲೆ. ಸಣ್ಣ ಅಂತರ, ಆದರೆ ಒಮ್ಮೆ ಗೊತ್ತಾದ ಕಿವಿ ಮತ್ತೆ ಮರೆಯುವುದಿಲ್ಲ.

ಈ ಹದಿನಾಲ್ಕಕ್ಕಾಗಿ ನಮ್ಮ ಸೀಮೆಯಲ್ಲಿ ಎಂಥ ಓಡಾಟ ನಡೆದಿದೆ! ಸಾಂಗಲಿಯ ನಿವೃತ್ತ ಡೆಪ್ಯುಟಿ ಕಲೆಕ್ಟರ್ ಕೃಷ್ಣಾಜಿ ಬಲ್ಲಾಳ ದೇವಲರು ಅಬ್ದುಲ್ ಕರೀಂಖಾನರ ನೆರವು ಪಡೆದು ಶ್ರುತಿಗಳನ್ನು ಅಳೆದು 1910ರಲ್ಲಿ ಪುಸ್ತಕ ಬರೆದರು. ಕ್ಲೆಮೆಂಟ್ಸ್ ಎಂಬ ಇಂಗ್ಲಿಷ್ ನ್ಯಾಯಾಧೀಶ ಅದಕ್ಕೆ ಮನಸೋತು, ಇಪ್ಪತ್ತೆರಡು ಶ್ರುತಿಗಳ ಹಾರ್ಮೋನಿಯಮ್ಮನ್ನು ಲಂಡನ್ನಿನಲ್ಲಿ ಮಾಡಿಸಿದ. 1916ರ ಬಡೋದಾ ಸಂಗೀತ ಪರಿಷತ್ತಿನವರೆಗೆ ಆ ಪೆಟ್ಟಿಗೆ ಹೋಯಿತು, ಎಲ್ಲರೂ ಒಪ್ಪಲಿಲ್ಲ. ಆಮೇಲೆ ಬಂದವನು ಜಾನ್ ಫೌಲ್ಡ್ಸ್. 1923ರಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಸಾವಿರಕ್ಕೂ ಮಿಕ್ಕ ಜನರಿಂದ ತನ್ನ ‘ವರ್ಲ್ಡ್ ರಿಕ್ವಿಯಮ್’ ಹಾಡಿಸಿ ನುಡಿಸಿದ ಈತ ದಿಲ್ಲಿಯ ಆಲ್ ಇಂಡಿಯಾ ರೇಡಿಯೋದಲ್ಲಿ ಪಾಶ್ಚಾತ್ಯ ಸಂಗೀತದ ಮುಖ್ಯಸ್ಥನಾದ, ಹಾರ್ಮೋನಿಯಂ ಭಾರತೀಯ ಸಂಗೀತವನ್ನು ಕೆಡಿಸುತ್ತದೆಂದು 1938ರಲ್ಲಿ ಬರೆದ. 1940ರಲ್ಲಿ ರೇಡಿಯೋ ಅದನ್ನು ನಿಷೇಧಿಸಿತು. ನಿಷೇಧ ಸಡಿಲಾದದ್ದು 1971ರಲ್ಲಿ, ಅದೂ ಪೂರ್ತಿಯಲ್ಲ.

ಶಾಸ್ತ್ರದ ದೃಷ್ಟಿಯಲ್ಲಿ ಫೌಲ್ಡ್ಸ್ ಹೇಳಿದ್ದು ಸುಳ್ಳಲ್ಲ. ಆದರೆ ಧಾರವಾಡ ಕೇಂದ್ರ ಹುಟ್ಟಿದ್ದೇ ಆ ನಿಷೇಧದ ಕಾಲದಲ್ಲಿ ಎಂಬುದನ್ನು ನೆನೆಯಿರಿ. ಖಯಾಲ್ ಹಾಡುವವರಿಗೆ ಸಾರಂಗಿ ಇತ್ತು, ಪಿಟೀಲು ಇತ್ತು. ನಮ್ಮ ಭಜನಿ ಮಂಡಳಿಗೆ ಇದ್ದದ್ದು ಪೇಟಿ ಒಂದೇ. ಸಾವಿರ ದನಿಯ ಮೇಳ ಕಟ್ಟಿದವನ ಮಾತು, ಹನ್ನೆರಡು ದನಿಯ ಮೇಳದ ಕೈಯಿಂದ ಪೇಟಿಯನ್ನು ಕಸಿಯಿತು. ಇದನ್ನು ನಾನು ಫೌಲ್ಡ್ಸನ ತಪ್ಪು ಎನ್ನುವುದಿಲ್ಲ. ಅವನು 1939ರಲ್ಲೇ ಕಲಕತ್ತೆಯಲ್ಲಿ ತೀರಿಕೊಂಡ. ನಂತರದ ಮೂವತ್ತು ವರ್ಷ ಆ ನಿಷೇಧವನ್ನು ಕಾಪಾಡಿದವರು ನಮ್ಮವರೇ.

ಇಷ್ಟು ಸುತ್ತಿ ಈಗ ಬಾಖ್‌ನ ಬಾಗಿಲಿಗೆ ಬಂದೆವು. ಲೈಪ್‌ಝಿಗ್ ನಗರದ ಚರ್ಚುಗಳ ಸಂಗೀತ ನೋಡಿಕೊಳ್ಳುತ್ತಿದ್ದ ಬಾಖ್ 1730ರಲ್ಲಿ ನಗರಸಭೆಗೆ ಒಂದು ಅರ್ಜಿ ಬರೆದ: ನಾಲ್ಕು ದನಿಗಳಿಗೆ ತಲಾ ಮೂವರು, ಸಾಧ್ಯವಾದರೆ ನಾಲ್ವರು, ಒಟ್ಟು ಹನ್ನೆರಡರಿಂದ ಹದಿನಾರು ಹಾಡುಗಾರರು ಬೇಕು ಎಂದು. ನಮ್ಮ ಒಂದು ಭಜನಿ ಮಂಡಳಿಯ ಸಂಖ್ಯೆ! ಬರೋಕ್ ಮೇಳವೆಂದರೆ ನೂರಾರು ಜನ ಎಂದು ತಿಳಿದವರು ಆಮೇಲಿನ ಶತಮಾನದ ರೂಢಿಯನ್ನು ನೋಡಿದವರು.

ಅವನ ‘ಬಿ ಮೈನರ್ ಮಾಸ್’ನ ಮೊದಲ ಭಾಗ ಕೇಳೋಣ. ಎರಡೇ ಪದ, ಗ್ರೀಕ್ ಭಾಷೆಯವು, ದೇವರೇ ಕರುಣಿಸು ಎಂದು. ಹತ್ತು ನಿಮಿಷದ ಆಸುಪಾಸು ಅದನ್ನೇ ಹಾಡುತ್ತಾರೆ. ಇಂಗ್ಲಿಷ್ ಪುಸ್ತಕ ಓದಿ ಬಂದವರು ಇದಕ್ಕೆ ಆಶ್ಚರ್ಯಪಡುತ್ತಾರೆ, ಎರಡು ಸಾಲಿನ ಬಂದಿಶ್ ಹಿಡಿದು ಮುಕ್ಕಾಲು ತಾಸು ಹಾಡುವುದನ್ನು ಕೇಳಿದವರು ಪಡುವುದಿಲ್ಲ. ಮೊದಲು ಎಲ್ಲರೂ ಕೂಡಿ ನಾಲ್ಕು ಆವರ್ತನ ಕೂಗಿ ಕರೆಯುತ್ತಾರೆ. ಆಮೇಲೆ ವಾದ್ಯಗಳು ಒಂದು ಧಾಟಿಯನ್ನು ಬಿಚ್ಚುತ್ತವೆ. ಅದನ್ನು ಮೊದಲು ಗಂಡಸರ ತಾರ ದನಿ ಎತ್ತಿಕೊಳ್ಳುತ್ತದೆ, ಅದು ಮುಂದುವರಿಯುತ್ತಿರುವಾಗಲೇ ಅದರ ಮೇಲಿನ ದನಿ ಆಲ್ಟೊ ಅದೇ ಧಾಟಿಯಿಂದ ಸುರು ಮಾಡುತ್ತದೆ, ನಂತರ ಎಲ್ಲಕ್ಕಿಂತ ಮೇಲಿನ ದನಿಯ ಎರಡು ಸೊಪ್ರಾನೊ ಒಂದರ ಹಿಂದೊಂದು, ಎಲ್ಲಕ್ಕಿಂತ ಕೊನೆಗೆ ಮಂದ್ರದವರು. ಆಷಾಢದಲ್ಲಿ ಪಂಢರಪುರದ ದಾರಿಯಲ್ಲಿ ಒಂದು ದಿಂಡಿ ಹಾಡುತ್ತ ಮುಂದೆ ಹೋಗಿರುತ್ತದೆ, ಹಿಂದಿನ ದಿಂಡಿಯವರು ಅದೇ ಅಭಂಗವನ್ನು ಆಗಷ್ಟೇ ಎತ್ತಿಕೊಂಡಿರುತ್ತಾರೆ, ತಿರುವಿನಲ್ಲಿ ನಿಂತವನ ಕಿವಿಗೆ ಎರಡೂ ಒಟ್ಟಿಗೆ ಬೀಳುತ್ತವೆ. ಅಲ್ಲಿ ಆಕಸ್ಮಿಕವಾಗಿ ಆಗುವುದನ್ನು ಈತ ಲೆಕ್ಕ ಹಾಕಿ, ಐದು ದಿಂಡಿಗಳಾದರೂ ಎಲ್ಲೂ ಮುಗ್ಗರಿಸದ ಹಾಗೆ ಕಟ್ಟಿದ್ದಾನೆ.

ನಮ್ಮ ಕಿವಿಗೆ ಇಲ್ಲಿ ಒಂದು ನಿಜವಾದ ತೊಡಕಿದೆ, ಮುಚ್ಚಿಡುವುದು ಬೇಡ. ನಮಗೆ ಷಡ್ಜ ಒಂದೇ, ಅದು ಕದಲುವುದಿಲ್ಲ. ಬಾಖ್‌ನಲ್ಲಿ ಷಡ್ಜ ಜಾಗ ಬದಲಿಸುತ್ತ ಹೋಗುತ್ತದೆ. ಹಳೆಯ ಕಾಲದ ವಾದ್ಯಗಳ ತಂಡಗಳು ಈಗಿನದಕ್ಕಿಂತ ಸುಮಾರು ಅರ್ಧ ಸ್ವರ ಕೆಳಗೆ ಶ್ರುತಿ ಇಟ್ಟುಕೊಳ್ಳುತ್ತವೆ, ಆದ್ದರಿಂದ ಈ ಕೃತಿಯ ಷಡ್ಜ ಪೇಟಿ ಮಾಸ್ತರರ ಲೆಕ್ಕದಲ್ಲಿ ಕಾಳಿ ಐದು. ಪಕ್ಕದಲ್ಲಿ ಕಾಳಿ ಐದರ ತಂಬೂರಿ ಹಚ್ಚಿಟ್ಟು ಕೇಳಿದರೆ ಮೊದಲ ನಿಮಿಷ ಕೂಡುತ್ತದೆ, ಆಮೇಲೆ ಜಗಳ. ಆದ್ದರಿಂದ ತಂಬೂರಿ ಬಂದ್ ಮಾಡಿ, ಮಂದ್ರದ ವಾದ್ಯಗಳನ್ನು ಹಿಡಿದು ನಡೆಯಬೇಕು. ಆರ್ಗನ್ ನುಡಿಸುವವನ ಮುಂದೆ ಮಂದ್ರದ ಒಂದು ಸಾಲು, ಅದರ ಜೊತೆ ಕೆಲವು ಅಂಕಿಗಳು ಮಾತ್ರ ಇರುತ್ತವೆ. ಉಳಿದದ್ದನ್ನು ಅವನು ಅಲ್ಲೇ ಕೂತು ತುಂಬಿಕೊಳ್ಳುತ್ತಾನೆ, ನಮ್ಮ ಪೇಟಿಯವರು ಗಾಯಕನ ಬಾಯಿ ನೋಡಿ ತುಂಬಿಕೊಳ್ಳುವ ಹಾಗೆ. ಅವನು ತುಂಬಿಕೊಳ್ಳುವುದು ಒಂದು ರಾತ್ರಿಯಂತೆ ಇನ್ನೊಂದು ರಾತ್ರಿ ಇರುವುದಿಲ್ಲ.

ಇಡೀ ಭಾಗ ಕೋಮಲ ಗಾಂಧಾರದ ಮಬ್ಬಿನಲ್ಲಿ ನಡೆಯುತ್ತದೆ. ಕೊಟ್ಟಕೊನೆಯ ಸ್ವರಸಮೂಹದಲ್ಲಿ ಮಾತ್ರ ಬಾಖ್ ಕೋಮಲವನ್ನು ಬಿಟ್ಟು ಶುದ್ಧ ಗಾಂಧಾರ ಹಚ್ಚುತ್ತಾನೆ. ಆ ಕಾಲದಲ್ಲಿ ಇದು ರೂಢಿಯೇ, ಅವನೊಬ್ಬನ ಕಂಡುಹಿಡಿಯುವಿಕೆಯಲ್ಲ. ಒಳ್ಳೆಯ ಮೇಳವೊಂದು ಆ ಗಾಂಧಾರವನ್ನು ಪಿಯಾನೋದ 400ರಲ್ಲಿ ಹಿಡಿಯುವುದಿಲ್ಲ, ಕಿವಿಯಿಂದ ಹುಡುಕಿ ಕೆಳಗೆ, 386ರ ಹತ್ತಿರ ತಂದು ಕೂರಿಸುತ್ತದೆ. ಕೂತ ಕ್ಷಣ ದನಿಗಳ ನಡುವಿನ ಕಂಪನ ನಿಂತು ಎಲ್ಲ ಒಂದಾಗುತ್ತದೆ. ಮೊದಲ ಸಲ ಅದನ್ನು ನೇರ ಪ್ರಸಾರದಲ್ಲಿ ಕೇಳಿದಾಗ ನನಗೆ ನೆನಪಾದದ್ದು ಮಿರಜದ ಆ ಅಂಗಡಿ. ಅಲ್ಲಿ ಖರ್ಜದ ತಂತಿಯಿಂದ ತಾನಾಗಿ ಎದ್ದದ್ದು, ಇಲ್ಲಿ ಹದಿನಾಲ್ಕು-ಹದಿನೈದು ಜನ ಕೂಡಿ ಹುಡುಕಿ ಮುಟ್ಟಿದ್ದು, ಒಂದೇ ಸ್ವರ. ಮುದ್ರಿಕೆಯಲ್ಲಿ ಅದು ಯಾವಾಗಲೂ ಸರಿಯಾಗಿಯೇ ಬರುತ್ತದೆ, ಸರಿ ಬರುವ ತನಕ ಮತ್ತೆ ಮತ್ತೆ ಹಾಡಿಸಿರುತ್ತಾರೆ. ನೇರದಲ್ಲಿ ಬರಬಹುದು, ಬರದೆಯೂ ಹೋಗಬಹುದು. ಒಮ್ಮೆ ಸ್ವಲ್ಪ ಮೇಲೆಯೇ ನಿಂತುಬಿಟ್ಟಿತು. ಬಂದ ರಾತ್ರಿಯ ಬೆಲೆ ನನಗೆ ಗೊತ್ತಾದದ್ದು ಆ ರಾತ್ರಿ.

ಇದು ಕ್ರೈಸ್ತರ ಪ್ರಾರ್ಥನೆಯಲ್ಲವೇ ಎಂದು ಸಭೆಯಲ್ಲಿ ಕೆಲವರ ಮನಸ್ಸಿನಲ್ಲಿ ಬಂದಿರಬಹುದು. ಹೌದು. ಇಷ್ಟು ಹೇಳುತ್ತೇನೆ: ಬಾಖ್ ಲೂಥರನ್ ಪಂಥದವನು, ಈ ಕೃತಿಯ ಮೊದಲ ಎರಡು ಭಾಗಗಳನ್ನು 1733ರಲ್ಲಿ ಡ್ರೆಸ್ಡನ್ನಿನ ಕ್ಯಾಥೊಲಿಕ್ ಅರಸನಿಗೆ, ಆಸ್ಥಾನದ ಪದವಿ ಬೇಡಿ, ಒಪ್ಪಿಸಿದ. ಎರಡು ಪಂಥಗಳ ಗಡಿಯ ಮೇಲೆ ನಿಂತ ಹಾಡು ಅದು. ಬಸದಿಯಲ್ಲಿ ಪ್ರಾಕೃತದ ನಮೋಕಾರ ಹೇಳುವ, ಕನ್ನಡದಲ್ಲಿ ವ್ಯವಹರಿಸುವ, ಮರಾಠಿಯಲ್ಲಿ ಆರತಿ ಹಾಡುವ ಊರಿಗೆ ಇದು ಹೊಸದಲ್ಲ. 1946ರಲ್ಲಿ ಇದೇ ಊರಲ್ಲಿ ಹುಟ್ಟಿದ ಆಚಾರ್ಯ ವಿದ್ಯಾಸಾಗರರು ತಮ್ಮ ಮಹಾಕಾವ್ಯ ‘ಮೂಕಮಾಟಿ’ಯನ್ನು ಬರೆದದ್ದು ಹಿಂದಿಯಲ್ಲಿ. ಇನ್ನು ಧಾರವಾಡ, ಹುಬ್ಬಳ್ಳಿಗಳ ಬಾಸೆಲ್ ಮಿಶನ್ ಚರ್ಚುಗಳಿಗೆ ಹೋದರೆ, ಜರ್ಮನಿಯ ಹಳೆಯ ಸ್ತುತಿಗೀತೆಗಳ ಧಾಟಿಗಳು ಕನ್ನಡ ಮಾತು ಹೊತ್ತು ಇನ್ನೂ ಬದುಕಿವೆ. ಬಾಖ್ ತನ್ನ ಎಷ್ಟೋ ಕೃತಿಗಳನ್ನು ಕಟ್ಟಿದ್ದು ಅಂಥ ಧಾಟಿಗಳ ಮೇಲೆಯೇ. ಅವನ ‘ಸೇಂಟ್ ಮ್ಯಾಥ್ಯೂ ಪ್ಯಾಶನ್’ನಲ್ಲಿ ಮತ್ತೆ ಮತ್ತೆ ಬರುವ ಅತ್ಯಂತ ಶೋಕದ ಧಾಟಿ ಮೂಲದಲ್ಲಿ ಹಾಸ್ಲರ್ ಎಂಬುವನು 1601ರಲ್ಲಿ ಪ್ರಕಟಿಸಿದ ಪ್ರೇಮಗೀತೆಯದು. ಸಿನಿಮಾ ಧಾಟಿಗೆ ಭಜನಿ ಕೂಡಿಸಿದರೆಂದು ನಮ್ಮ ಮಂಡಳಿಯ ಹುಡುಗರನ್ನು ಬೈಯುವ ಹಿರಿಯರು ಇದನ್ನು ಸ್ವಲ್ಪ ಗಮನಿಸಬೇಕು.

ಕಡೆಗೆ ದತ್ತಿಯವರಿಗೆ ಒಂದು ಸೂಚನೆ. ಬರುವ ವರ್ಷ ಉಪನ್ಯಾಸ ಬೇಡ. ಡಿಸೆಂಬರ್ 24ರ ರಾತ್ರಿ ಇದೇ ಸಭಾಭವನ ತೆರೆಸಿರಿ. ಎಂಟೂವರೆಗೆ ಕೇಂಬ್ರಿಜ್‌ನ ಪ್ರಸಾರವನ್ನು ಎಲ್ಲರೂ ಕೂಡಿ ಕೇಳೋಣ, ಆ ಹುಡುಗನಿಂದ ಬಾಖ್‌ನ ಆರ್ಗನ್ನಿನವರೆಗೆ. ಅದು ಮುಗಿದ ಮೇಲೆ ನಮ್ಮ ಎರಡು ಮಂಡಳಿಗಳು ಕೂರಲಿ, ಒಂದು ಅಭಂಗದ್ದು, ಒಂದು ತತ್ವಪದದ್ದು. ಅದನ್ನೂ ಮೊಬೈಲಿನಿಂದ ನೇರವಾಗಿಯೇ ಬಿಡೋಣ, ಪುಣೆಯಲ್ಲಿ, ಬೆಂಗಳೂರಲ್ಲಿ, ದುಬೈಯಲ್ಲಿರುವ ಸದಲಗಾದ ಮಕ್ಕಳು ಕೇಳಲಿ. ಸ್ಪೀಕರು ಮದುವೆಯದು ಬೇಡ, ಚಿಕ್ಕದು ಸಾಕು. ಕರೆಂಟಿನ ನಂಬಿಕೆಯಿಲ್ಲ, ಬ್ಯಾಟರಿ ಇರಲಿ. ಮಂಡಳಿಯವರು ಪೇಟಿ ಅಗತ್ಯ ತರಬೇಕು.